ಉದ್ಯಾನದ ದಾರಿಯಲ್ಲಿ ಸೈಕಲ್‌ಗೆ ದಂಡ: ಒಂದು ಸ್ಪಷ್ಟನೆ

‘ಮೋಟಾರು ವಾಹನ ಕಾಯ್ದೆಯ ಪ್ರಕಾರ ಉದ್ಯಾನದ ನಡಿಗೆ ದಾರಿಯಲ್ಲಿ ಸೈಕಲ್ ತುಳಿದರೆ 5,000 ರೂಪಾಯಿ ದಂಡ, ಸೈಕಲ್ ಜಪ್ತಿ’ ಎಂಬ ಸಂದೇಶ ಮಡಿಕೇರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಪರಿಶೀಲಿಸದೆ ನಾನೂ ಅದನ್ನು ಮೊನ್ನೆ ನಾಲ್ಕು ಕಡೆ ಕಳಿಸಿದ್ದೆ. ಅದು ತಪ್ಪು.

1988ರ ಆ ಕಾಯ್ದೆಯ 2(28)ನೇ ಸೆಕ್ಷನ್ ‘ಮೋಟಾರು ವಾಹನ’ ಎನ್ನುವುದು ಯಂತ್ರಶಕ್ತಿಯಿಂದ ಚಲಿಸುವ, ರಸ್ತೆಗೆ ಯೋಗ್ಯವಾದ ವಾಹನವನ್ನು. ಕಾಲಿನಿಂದ ತುಳಿಯುವ ಸೈಕಲ್ ಅದರಲ್ಲಿ ಸೇರುವುದಿಲ್ಲವಾದ್ದರಿಂದ, ಸಂದೇಶ ಹೇಳುವ ದಂಡಕ್ಕೆ ಅಲ್ಲಿ ಆಧಾರವೇ ಇಲ್ಲ. ಹಾಗೆಂದು ಸೈಕಲ್ ಸವಾರರಿಗೆ ಯಾವ ಕಾನೂನೂ ಇಲ್ಲವೆಂದಲ್ಲ: ಸಾರ್ವಜನಿಕ ದಾರಿಯಲ್ಲಿ ಜೀವಕ್ಕೆ ಅಪಾಯವಾಗುವಷ್ಟು ದುಡುಕಿನಿಂದ ಯಾವುದೇ ವಾಹನ ಚಲಾಯಿಸುವುದು ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಪ್ರಕಾರ ಅಪರಾಧ, ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಉದ್ಯಾನದೊಳಗೆ ಸೈಕಲ್ ಬಿಡಬೇಕೇ ಬೇಡವೇ ಎಂಬುದು ಅದನ್ನು ನೋಡಿಕೊಳ್ಳುವವರ ನಿಯಮಕ್ಕೆ ಬಿಟ್ಟದ್ದು. ಮಡಿಕೇರಿಯ ರಾಜಾಸೀಟ್ ಉದ್ಯಾನ ತೋಟಗಾರಿಕೆ ಇಲಾಖೆಯದು. ಅಲ್ಲಿ ಗೇಟಿನ ಫಲಕವನ್ನೂ ಸಿಬ್ಬಂದಿಯ ಮಾತನ್ನೂ ನಂಬಬೇಕೇ ಹೊರತು ಫಾರ್ವರ್ಡ್ ಆದ ಸಂದೇಶವನ್ನಲ್ಲ.

ಆತಂಕಕ್ಕೆ ಕಾರಣವಿಲ್ಲವೆಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಪಾಚಿ ಹಿಡಿದ ದಾರಿ, ಮಂಜು, ಕೊಡೆ ಹಿಡಿದು ನಡೆಯುವ ಹಿರಿಯರು, ಹಿಂದಿನಿಂದ ಬೆಲ್ ಇಲ್ಲದೆ ಬರುವ ಹುಡುಗನ ಸೈಕಲ್, ಇವನ್ನೆಲ್ಲ ನಾನೂ ಕಂಡಿದ್ದೇನೆ. ಆದರೂ ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.