ಅನ್ನ ಕೊಟ್ಟ ಊರಿಗೂ ಒಂದು ಪಾಲು

ಮ್ಯಾಂಚೆಸ್ಟರ್‌ನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥ ಕನ್ನಡಿಗರಿಗೆ ಊರು ಅಂದರೆ ಇವತ್ತಿಗೂ ಹಾಸನ, ಧಾರವಾಡ, ಕುಂದಾಪುರವೇ. ಊರಿನ ಶಾಲೆಗೆ ಬೆಂಚು ಬೇಕೆಂದರೆ ದುಡ್ಡು ಕಳಿಸುತ್ತೇವೆ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ರಾತ್ರೋರಾತ್ರಿ ಚಂದಾ ಎತ್ತಿದ್ದೆವು. ಅದು ಒಳ್ಳೆಯದೇ, ಇನ್ನೂ ಆಗಬೇಕು. ಆದರೆ ಅನ್ನ ಕೊಡುತ್ತಿರುವ ಈ ಊರಿಗೆ ಏನು ಮಾಡಿದ್ದೇವೆ ಎಂದು ಕೇಳಿದರೆ, "ತೆರಿಗೆ ಕಟ್ತೀವಲ್ಲ" ಎನ್ನುವವರೇ ಜಾಸ್ತಿ. ಆ ಉತ್ತರ ನನಗೆ ಸಾಲದು. ಯಾಕೆ ಸಾಲದು ಎಂದು ಹೇಳಬೇಕಾದಾಗೆಲ್ಲ ನಾನು ಫುಟ್‌ಬಾಲ್ ಆಟಗಾರ ವಿನ್ಸೆಂಟ್ ಕೊಂಪನಿಯ ಮಾತು ತೆಗೆಯುತ್ತೇನೆ.

ಕೊಂಪನಿ ಬೆಲ್ಜಿಯಂನವರು. 1986ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದರು. ಅಪ್ಪ ಪಿಯೆರ್ 1975ರಲ್ಲಿ ಕಾಂಗೋದಿಂದ ಬಂದ ನಿರಾಶ್ರಿತ. ಟ್ಯಾಕ್ಸಿ ಓಡಿಸುತ್ತಲೇ ಓದಿ ಎಂಜಿನಿಯರ್ ಆದವರು. 2018ರಲ್ಲಿ ಬ್ರಸೆಲ್ಸ್‌ನ ಗಾನ್ಸ್‌ಹೋರನ್‌ಗೆ ಮೇಯರ್ ಆದರು, ಬೆಲ್ಜಿಯಂನ ಮೊದಲ ಕಪ್ಪು ಮೇಯರ್. ಪರಊರಿಗೆ ಬಂದು ಆ ಊರಿನ ಹೊಣೆ ಹೊರುವುದು ಏನೆಂದು ಮಗನಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹುಡುಗ ಅಂಡರ್‌ಲೆಕ್ಟ್ ಕ್ಲಬ್ಬಿನಲ್ಲಿ ಬೆಳೆದ. 17ನೇ ವಯಸ್ಸಿಗೇ ದೊಡ್ಡವರ ತಂಡದಲ್ಲಿ ಆಡಿದ. ಮುಂದೆ ಜರ್ಮನಿಯ ಹ್ಯಾಂಬರ್ಗ್. 2008ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ. ಆಗ ಆ ಕ್ಲಬ್ಬಿಗೆ ಅಬುಧಾಬಿಯ ದುಡ್ಡು ಇನ್ನೂ ಬಂದಿರಲಿಲ್ಲ, ಬಂದದ್ದು ಕೆಲವು ದಿನ ಕಳೆದ ಮೇಲೆ. ಇಂಗ್ಲೆಂಡಿನ ಅಗ್ರ ಲೀಗ್ ಗೆದ್ದು 40 ವರ್ಷವಾಗಿತ್ತು. 2011ರಲ್ಲಿ ಕೊಂಪನಿ ನಾಯಕರಾದರು, ಮರುವರ್ಷವೇ ಲೀಗ್ ಕೈಗೆ ಬಂತು. ಒಟ್ಟು ನಾಲ್ಕು ಸಲ ಗೆದ್ದರು. ಮೀನಖಂಡದ ನೋವು ಮತ್ತೆ ಮತ್ತೆ ಕಾಡಿ ತಿಂಗಳುಗಟ್ಟಲೆ ಹೊರಗೆ ಕೂರಿಸಿದರೂ ಇಲ್ಲಿನ ಜನ ಅವರನ್ನು ಬಿಟ್ಟುಕೊಡಲಿಲ್ಲ.

2019ರ ಮೇ 6ರ ಆಟವನ್ನು ಇಲ್ಲಿ ಯಾರೂ ಮರೆತಿಲ್ಲ. ಎದುರಾಳಿ ಲೆಸ್ಟರ್. 70 ನಿಮಿಷವಾದರೂ ಗೋಲಿಲ್ಲ. ಲೀಗ್ ಪಟ್ಟಿಯಲ್ಲಿ ಲಿವರ್‌ಪೂಲ್ ಎರಡು ಅಂಕ ಮುಂದಿದೆ, ಡ್ರಾ ಆದರೂ ಕಷ್ಟ. ಗೋಲಿನಿಂದ ಸುಮಾರು 25 ಮೀಟರ್ ದೂರದಲ್ಲಿ ಕೊಂಪನಿಗೆ ಚೆಂಡು ಸಿಕ್ಕಿತು. ಡಿಫೆಂಡರ್ ತಾನೇ, ಏನು ಮಾಡಿಯಾನು ಎಂದು ಲೆಸ್ಟರ್‌ನವರು ಯಾರೂ ಅಡ್ಡ ಬರಲಿಲ್ಲ. ಹೊಡೀಬೇಡ, ಹೊಡೀಬೇಡ ಅಂತ ಜೊತೆಯವರೇ ಕೂಗುತ್ತಿದ್ದರು. ಕೋಚ್ ಗಾರ್ಡಿಯೋಲಾ ಮನಸ್ಸಿನಲ್ಲೂ ಅದೇ ಇತ್ತಂತೆ. ಕೊಂಪನಿ ಹೊಡೆದೇಬಿಟ್ಟರು. ಚೆಂಡು ಬಲಮೂಲೆಯ ಮೇಲ್ತುದಿಗೆ ಹೋಗಿ ಬಲೆಗೆ ಬಿತ್ತು. ಆ ವರ್ಷ ಸಿಟಿಗೆ 98 ಅಂಕ, ಲಿವರ್‌ಪೂಲ್‌ಗೆ 97.

ನನಗೆ ಆ ಗೋಲಿಗಿಂತ ದೊಡ್ಡದಾಗಿ ಕಾಣುವುದು ಅದೇ ವರ್ಷದ ಸೆಪ್ಟೆಂಬರ್ 11ರ ಆಟ. ಒಂದೇ ಕ್ಲಬ್ಬಿನಲ್ಲಿ ಹತ್ತು ವರ್ಷ ಆಡಿದವರಿಗಾಗಿ ಇಲ್ಲಿ ಟೆಸ್ಟಿಮೋನಿಯಲ್ ಅಂತ ಒಂದು ಪಂದ್ಯ ಇಡುತ್ತಾರೆ. ನಮ್ಮಲ್ಲಿ ಹಿಂದೆ ಕ್ರಿಕೆಟಿಗರಿಗೆ ಬೆನಿಫಿಟ್ ಮ್ಯಾಚ್ ಇರುತ್ತಿತ್ತಲ್ಲ, ಹಾಗೆ. ಆಟಗಾರರ ಸಂಬಳ ಕಡಿಮೆ ಇದ್ದ ಕಾಲದ ಪದ್ಧತಿ ಅದು, ಬಂದ ದುಡ್ಡು ಆಟಗಾರನಿಗೇ. ಕೊಂಪನಿ ತಮ್ಮ ಟೆಸ್ಟಿಮೋನಿಯಲ್ ವರ್ಷದ ದುಡ್ಡನ್ನು ಮ್ಯಾಂಚೆಸ್ಟರ್‌ನಲ್ಲಿ ಬೀದಿಯಲ್ಲಿ ಮಲಗುವವರಿಗೆ ಬಿಟ್ಟುಕೊಟ್ಟರು. ಮೇಯರ್ ಆಂಡಿ ಬರ್ನಮ್ ಜೊತೆ ಸೇರಿ ಒಂದು ವರ್ಷ ಮೊದಲೇ ಇದನ್ನು ಶುರುಮಾಡಿದ್ದರು. ತೊಡೆಯ ಸ್ನಾಯು ಹಿಡಿದು ಆ ದಿನ ಅವರೇ ಆಡಲಾಗಲಿಲ್ಲ. ಆದರೂ ಜನ ಕ್ರೀಡಾಂಗಣಕ್ಕೆ ಬಂದರು.

ಪಿಕಡಿಲಿ ಸ್ಟೇಷನ್ನಿನಿಂದ ಪೇಟೆ ಕಡೆ ಇಳಿದು ಬರುವವರಿಗೆ ಬೀದಿಯಲ್ಲಿ ಮಲಗುವ ಆ ಜನ ಯಾರು ಎಂದು ಗೊತ್ತು. ಮುಚ್ಚಿದ ಅಂಗಡಿಯ ಬಾಗಿಲ ಮರೆಯಲ್ಲಿ ನೆನೆದ ರಟ್ಟು, ಅದರ ಮೇಲೆ ಸ್ಲೀಪಿಂಗ್ ಬ್ಯಾಗ್, ಪಕ್ಕದಲ್ಲಿ ಚಿಲ್ಲರೆಗೆ ಒಂದು ಕಾಗದದ ಲೋಟ. ಡಿಸೆಂಬರ್ ಮಳೆಯಲ್ಲೂ ಅಲ್ಲೇ ಇರುತ್ತಾರೆ. ನಾವೆಲ್ಲ ದಿನಾ ಅದೇ ದಾರಿಯಲ್ಲಿ ಆಫೀಸಿಗೆ ಹೋಗುವವರು.

ಹಾಗಂತ ಕೊಂಪನಿ ಹುಟ್ಟೂರನ್ನು ಮರೆತವರಲ್ಲ. 2013ರಲ್ಲಿ ಬ್ರಸೆಲ್ಸ್‌ನ ಮಕ್ಕಳಿಗಾಗಿ ಬಿಎಕ್ಸ್ ಬ್ರಸೆಲ್ಸ್ ಎಂಬ ಕ್ಲಬ್ ಕಟ್ಟಿದರು. ಅಪ್ಪನ ನಾಡಾದ ಕಾಂಗೋದ ಅನಾಥ ಮಕ್ಕಳಿಗೂ ನೆರವಾದರು. ಇದನ್ನು ಒತ್ತಿ ಹೇಳಲು ಕಾರಣವಿದೆ. ಇಲ್ಲಿಗೆ ಕೊಟ್ಟರೆ ಅಲ್ಲಿಗೆ ಕಡಿಮೆ ಆಗುತ್ತದೆ ಎಂಬ ಭಯ ನಮ್ಮವರಲ್ಲಿ ಇದೆ. ಅವರ ವಿಷಯದಲ್ಲಿ ಹಾಗೇನೂ ಆಗಲಿಲ್ಲ.

"ಅವರು ಕೋಟಿಗಟ್ಟಲೆ ದುಡಿದವರು, ನಮ್ಮ ಕೈಲಿ ಆಗುತ್ತಾ?" ಎಂದು ಕೇಳುತ್ತಾರೆ. ದುಡ್ಡಿನ ಮಟ್ಟಿಗೆ ಖಂಡಿತ ಆಗುವುದಿಲ್ಲ. ಆದರೆ ಇಲ್ಲಿನ ಗುರುದ್ವಾರಗಳನ್ನು ನೋಡಿ. ಲಂಗರ್‌ಗೆ ಯಾರು ಹೋಗಿ ಕೂತರೂ ಊಟ ಬಡಿಸುತ್ತಾರೆ, ನೀನು ಯಾರು ಎಂದು ಕೇಳುವುದಿಲ್ಲ. ನಡೆಸುವವರು ಕೋಟ್ಯಧಿಪತಿಗಳಲ್ಲ, ಟ್ಯಾಕ್ಸಿ ಓಡಿಸುವವರು, ಅಂಗಡಿ ಇಟ್ಟವರು. ಧರ್ಮಸ್ಥಳ, ಸಿದ್ಧಗಂಗೆಯಲ್ಲಿ ಬಂದವರಿಗೆಲ್ಲ ಅನ್ನ ಹಾಕುವ ನಾಡಿನವರು ನಾವು. ಆ ಪದ್ಧತಿ ವಿಮಾನ ಹತ್ತುವಾಗ ಅಲ್ಲೇ ಉಳಿದುಬಿಡಬೇಕೇ? ಪಂಜಾಬಿನವರು ಹೊತ್ತು ತಂದರಲ್ಲ!

ಪರಊರಿನವರು ನಮ್ಮ ಊರನ್ನು ಹಚ್ಚಿಕೊಂಡರೆ ನಮಗೆಷ್ಟು ಹಿತ ಅಲ್ವಾ? ದಕ್ಷಿಣ ಆಫ್ರಿಕಾದ ಎಬಿ ಡಿವಿಲಿಯರ್ಸ್‌ರನ್ನು "ಆಪದ್ಬಾಂಧವ" ಎಂದು ಕರೆದು ಬೆಂಗಳೂರು ತನ್ನವರನ್ನಾಗಿ ಮಾಡಿಕೊಂಡಿತು. ಮ್ಯಾಂಚೆಸ್ಟರ್ ಕೂಡ ಹಾಗೆಯೇ. ಕೊಂಪನಿ ಮದುವೆಯಾದದ್ದೂ ಈ ಊರಿನ ಹುಡುಗಿಯನ್ನೇ. ಓದಿದ್ದೂ ಇಲ್ಲೇ, ಆಡುತ್ತಾ ಆಡುತ್ತಾ 2017ರಲ್ಲಿ ಇಲ್ಲಿನ ಬಿಸಿನೆಸ್ ಸ್ಕೂಲಿನಿಂದ ಎಂಬಿಎ ಮುಗಿಸಿದರು. 2021ರಲ್ಲಿ ಕ್ರೀಡಾಂಗಣದ ಹೊರಗೆ ಅವರ ಪ್ರತಿಮೆ ಎದ್ದು ನಿಂತಿತು. ಆಮೇಲೆ ಅವರು ಬರ್ನ್ಲಿಗೆ ಕೋಚ್ ಆದರು, 2024ರಲ್ಲಿ ಬಯರ್ನ್ ಮ್ಯೂನಿಕ್‌ಗೆ ಹೋದರು. ಇಲ್ಲಿ ಮಾತ್ರ ಇವತ್ತಿಗೂ "ನಮ್ಮ ವಿನ್ನಿ" ಅಂತಲೇ ಕರೆಯುತ್ತಾರೆ.

ರಾಜ್ಯೋತ್ಸವಕ್ಕೆ ನಮ್ಮ ಕೂಟದಲ್ಲಿ ಸಭಾಂಗಣ, ಊಟ, ಬೆಂಗಳೂರಿನಿಂದ ಬರುವ ಕಲಾವಿದರು ಎಂದು ದುಡ್ಡು ಖರ್ಚಾಗುತ್ತದೆ, ಆಗಲಿ. ಈ ನವೆಂಬರ್‌ನಿಂದ ಟಿಕೆಟ್ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲು ಇಲ್ಲಿನ ರಾತ್ರಿ ತಂಗುದಾಣಕ್ಕೆ ಹೋಗಲಿ. ತಿಂಗಳಿಗೊಂದು ಭಾನುವಾರ ನಾವೇ ಅಡುಗೆ ಮಾಡಿ ಅಲ್ಲಿ ಬಡಿಸೋಣ. ಬಿಸಿಬೇಳೆಬಾತ್ ಆದರೆ ಖಾರ ಕಡಿಮೆ ಹಾಕಿ, ಗೋಡಂಬಿ ಬೇಡ, ಕೆಲವರಿಗೆ ಅಲರ್ಜಿ ಇರುತ್ತದೆ. ಮೊದಲ ಭಾನುವಾರದ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಳ್ಳಿ. ಅಡುಗೆಗೆ ಇನ್ನೂ ಐದು ಜನ ಬೇಕು, ಪಾತ್ರೆ ಸಾಗಿಸಲು ಒಂದು ಕಾರು ಬೇಕು.