ಎಕ್ಸ್-ರೇ ಒಂದೇ ಸಾಲದು

ಕಾಲಿನ ಹೆಬ್ಬೆರಳು ವಾಲಿ, ಅದರ ಬುಡ ಉಬ್ಬಿಕೊಳ್ಳುವ ಬನಿಯನ್ ರೋಗಿಗಳಿಗಾಗಿ, ಕಾಲಿನ ತೊಂದರೆಯನ್ನು ರೋಗಿಯನ್ನೇ ಕೇಳಿ ಅಂಕ ಹಾಕುವ ಮ್ಯಾಂಚೆಸ್ಟರ್-ಆಕ್ಸ್‌ಫರ್ಡ್ ಪ್ರಶ್ನಾವಳಿಯನ್ನು ಟರ್ಕಿಶ್‌ಗೆ ತಂದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಅನುವಾದ ಮುಗಿದರೆ ಕೆಲಸ ಮುಗಿಯಿತು ಎಂಬ ಧಾಟಿ ನನಗೆ ಒಪ್ಪಿಗೆಯಾಗಲಿಲ್ಲ. ನಿಜವಾದ ಪರೀಕ್ಷೆ ಆಮೇಲೆ ಶುರುವಾಗುತ್ತದೆ. ಅದೇ ರೋಗಿ ಕೆಲವು ದಿನ ಬಿಟ್ಟು ಮತ್ತೆ ಉತ್ತರಿಸಿದಾಗ, ಕಾಲು ಮೊದಲಿನ ಹಾಗೇ ಇದ್ದರೆ ಅಂಕವೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು ಅಲ್ವಾ? ಬರದಿದ್ದರೆ ಆಪರೇಷನ್ ಆದಮೇಲೆ ಗುಣವಾಯಿತೋ ಇಲ್ಲವೋ ಅಂತ ಯಾವುದನ್ನು ನಂಬುವುದು?

ಎಕ್ಸ್-ರೇಯಲ್ಲಿ ಬೆರಳು ಎಷ್ಟು ಡಿಗ್ರಿ ವಾಲಿದೆ ಅಂತ ಅಳೆಯಬಹುದು. 15 ಡಿಗ್ರಿ ದಾಟಿದರೆ ಸಾಮಾನ್ಯವಾಗಿ ತೊಂದರೆ ಎನ್ನುತ್ತಾರೆ. ಆದರೆ ಜಾಸ್ತಿ ವಾಲಿದವರಿಗೇ ಜಾಸ್ತಿ ನೋವು ಅಂತೇನಿಲ್ಲ. ರಾತ್ರಿ ಹಾಸಿಗೆಯಲ್ಲೂ ನೋಯುತ್ತದಾ, ನಡೆಯಲಾಗದೆ ಬಸ್ ಹತ್ತುತ್ತೀರಾ, ಹಾಕುವ ಚಪ್ಪಲಿ ನೋಡಿ ಸಂಕೋಚವಾಗುತ್ತದಾ ಅಂತ ಕೇಳಿದರೇ ಗೊತ್ತಾಗುವುದು. ಈ ಪ್ರಶ್ನಾವಳಿಯ 16 ಪ್ರಶ್ನೆಗಳ ಬೆಲೆ ಇರುವುದು ಅಲ್ಲೇ.

ಒಂದು ಕೊರತೆ ಮಾತ್ರ ಕಾಣುತ್ತದೆ. ಟರ್ಕಿಯಲ್ಲಿ ನಮಾಜ್ ಮಾಡುವವರು ಬಹಳ. ಹಣೆ ನೆಲಕ್ಕೆ ಇಡುವಾಗ ಕಾಲ್ಬೆರಳು ಮಡಚಿ ಊರಬೇಕು. ಹೆಬ್ಬೆರಳ ಕೀಲು ನೋಯುವವರಿಗೆ ಅದು ಹಿಂಸೆ. ಆ ಪ್ರಶ್ನೆ ಇದರಲ್ಲಿಲ್ಲ. ಸುಮ್ನೆ ಸೇರಿಸಿದರೆ ಬೇರೆ ದೇಶಗಳ ಅಂಕದ ಜೊತೆ ಹೋಲಿಸುವುದು ಕಷ್ಟ. ಹಾಗಾಗಿ ವೈದ್ಯರು ಅದನ್ನು ಬಾಯಲ್ಲೇ ಕೇಳಿ ಬರೆದುಕೊಳ್ಳಬೇಕು.