ಸಾಹೇಬರು ಸೀಟಿನಲ್ಲಿಲ್ಲ

ಫಿಲಿಪ್ಪೀನ್ಸ್‌ನ ದಾವಾವೊ ನಗರಸಭೆಗೆ ಹೋಗಿ ಮೇಯರ್ ಎಲ್ಲಿ ಎಂದು ಕೇಳಿದಾಗ ‘ಸಾಹೇಬರು ಸೀಟಿನಲ್ಲಿಲ್ಲ’ ಎಂಬ ಉತ್ತರ ಬಂದರೆ ಗುಮಾಸ್ತನನ್ನು ಬೈಯಬೇಡಿ. ಪಾಪ, ಜೀವನದಲ್ಲಿ ಮೊದಲ ಸಲ ಅವನು ನಿಜ ಹೇಳುತ್ತಿದ್ದಾನೆ. ಸಾಹೇಬರು, ಅಂದರೆ ದೇಶದ ಮಾಜಿ ಅಧ್ಯಕ್ಷ ರೊಡ್ರಿಗೊ ಡುಟೆರ್ಟೆ, ಹತ್ತು ಸಾವಿರ ಕಿಲೋಮೀಟರಿಗೂ ದೂರ, ನೆದರ್‌ಲೆಂಡ್ಸ್‌ನ ಹೇಗ್ ನಗರದಲ್ಲಿ, ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಕೃಷ್ಣಜನ್ಮಸ್ಥಾನದಲ್ಲಿದ್ದಾರೆ. ಕೊಲೆಗಳ ಆರೋಪದಲ್ಲಿ 2025ರ ಮಾರ್ಚ್ 11ರಂದು ಒಳಗೆ ಹೋದವರು ಮೇ 12ರ ಚುನಾವಣೆಯಲ್ಲಿ ಎದುರಾಳಿಗಿಂತ ಸುಮಾರು ಎಂಟು ಪಟ್ಟು ಮತ ಪಡೆದು ಗೆದ್ದರು. ಮನೆ ಮನೆಗೆ ಅಲೆದು ಕೈ ಮುಗಿದು ಸೋಲುವ ಅಭ್ಯರ್ಥಿಗಳು ಇನ್ನಾದರೂ ಪಾಠ ಕಲಿಯಲಿ.

ಒಂದೇ ಕುರ್ಚಿಯಲ್ಲಿ ಸತತ ಮೂರು ಅವಧಿಗಿಂತ ಹೆಚ್ಚು ಕೂರಬಾರದು ಎನ್ನುತ್ತದೆ ಫಿಲಿಪ್ಪೀನ್ಸ್ ಕಾನೂನು. ಅದನ್ನು ಬರೆದವರು ಡುಟೆರ್ಟೆ ಮನೆಯಲ್ಲಿ ತಲೆ ಎಣಿಸಿರಲಿಲ್ಲ. ರೊಡ್ರಿಗೊ ಡುಟೆರ್ಟೆ 1988ರಲ್ಲಿ ಮೇಯರ್ ಆದರು. ಮೂರು ಅವಧಿ ಮುಗಿಯಿತು, ಸಂಸತ್ತಿಗೆ ಹೋಗಿ ಬಂದು 2001ರಿಂದ ಮತ್ತೆ ಮೂರು. 2010ರಲ್ಲಿ ಮಗಳು ಸಾರಾ ಮೇಯರ್, ಅಪ್ಪ ಉಪಮೇಯರ್. 2013ರಲ್ಲಿ ಅಪ್ಪ. 2016ರಲ್ಲಿ ಅಪ್ಪ ದೇಶಕ್ಕೇ ಅಧ್ಯಕ್ಷ, ಊರಿಗೆ ಮಗಳು. 2022ರಲ್ಲಿ ಮಗಳು ದೇಶದ ಉಪಾಧ್ಯಕ್ಷೆ, ಊರಿಗೆ ಮಗ ಸೆಬಾಸ್ಟಿಯನ್. ಈ ಸಲ ಅಪ್ಪ ಮೇಯರ್, ಸೆಬಾಸ್ಟಿಯನ್ ಉಪಮೇಯರ್; ಇನ್ನೊಬ್ಬ ಮಗನೂ ಒಬ್ಬ ಮೊಮ್ಮಗನೂ ಸಂಸತ್ತಿಗೆ, ಮತ್ತೊಬ್ಬ ಮೊಮ್ಮಗ ನಗರ ಕೌನ್ಸಿಲಿಗೆ. ಆ ಮನೆಯ ಪಡಿತರ ಚೀಟಿಯನ್ನೇ ಮತಪತ್ರವೆಂದು ಹಂಚಿದ್ದರೆ ಅಚ್ಚಿನ ಖರ್ಚಾದರೂ ಉಳಿಯುತ್ತಿತ್ತು. ಅಪ್ಪ ಬರುವವರೆಗೆ ಅಧಿಕಾರ ಮಗನದು. ಪಾದುಕೆ ಇಟ್ಟುಕೊಂಡು ಆಳಿದ ಭರತ ನೆನಪಾಗುತ್ತಾನೆ. ಆದರೆ ಭರತ ಉಪಮೇಯರ್ ಚುನಾವಣೆಗೆ ನಿಂತಿರಲಿಲ್ಲ.

ಶಿಸ್ತಿನ ಮನುಷ್ಯ, ಒಪ್ಪೋಣ. ದಾವಾವೊದಲ್ಲಿ ಪಟಾಕಿ ಹೊಡೆಯುವಂತಿಲ್ಲ. ರಾತ್ರಿ ಒಂಬತ್ತರ ಮೇಲೆ ಗಟ್ಟಿಯಾಗಿ ಕ್ಯಾರಿಯೋಕೆ ಹಾಡುವಂತಿಲ್ಲ. ಫಿಲಿಪ್ಪೀನ್ಸ್‌ನವರ ಕೈಯಿಂದ ಮೈಕ್ ಕಿತ್ತುಕೊಳ್ಳುವುದೆಂದರೆ ನಮ್ಮವರ ಕೈಯಿಂದ ಬೆಳಗಿನ ಕಾಫಿ ಲೋಟ ಕಿತ್ತುಕೊಂಡ ಹಾಗೆ. ಅಷ್ಟಾದರೂ ಮತ ಹಾಕಿದ್ದಾರೆ! ನಿಷೇಧವಿದ್ದ ಕಡೆ ಸಿಗರೇಟು ಸೇದಿದ ಪ್ರವಾಸಿಯೊಬ್ಬನಿಗೆ ಮೇಯರ್ ಸಾಹೇಬರು ಅದರ ತುಂಡನ್ನೇ ನುಂಗಿಸಿದರು ಎಂಬುದು 2015ರ ಸುದ್ದಿ. ಊರವರು ಅದನ್ನು ಹೆಮ್ಮೆಯಿಂದ ಹೇಳಿಕೊಂಡರು. ನಮ್ಮಲ್ಲೂ ಇಂಥವರು ಒಬ್ಬರಿರಬೇಕಿತ್ತು ಎಂದು ಚಹಾದಂಗಡಿಯಲ್ಲಿ ನಿಟ್ಟುಸಿರು ಬಿಡುವವರನ್ನು ನಾನು ಕಂಡಿದ್ದೇನೆ. ತುಂಡು ನುಂಗುವ ಸರದಿ ತಮ್ಮದಲ್ಲ ಎಂಬುದು ಅವರಿಗೆಲ್ಲ ಖಾತ್ರಿ.

2024ರ ಅಕ್ಟೋಬರಿನಲ್ಲಿ ಅವರು ಸೆನೆಟ್ ಮುಂದೆ ಕೂತು, ಮೇಯರ್ ಆಗಿದ್ದಾಗ ತಮ್ಮ ಬಳಿ ಏಳು ಜನರ ಕೊಲೆಗಾರ ಪಡೆ ಇತ್ತು ಎಂದರು. ಪೊಲೀಸರಲ್ಲ, ಗೂಂಡಾಗಳು ಎಂದು ಸ್ಪಷ್ಟನೆಯನ್ನೂ ಕೊಟ್ಟರು. ಮತ್ತೆ ಮೇಯರ್ ಆಗಲು ನಾಮಪತ್ರ ಕೊಟ್ಟದ್ದೂ ಅದೇ ತಿಂಗಳು. ಅನುಭವ ಪ್ರಮಾಣಪತ್ರ ಲಗತ್ತಿಸಿದ ಹಾಗಾಯಿತು.

ತಮಾಷೆ ಸಾಕು. ಅವರು ಅಧ್ಯಕ್ಷರಾಗಿದ್ದಾಗ ಮಾದಕ ವಸ್ತು ವಿರುದ್ಧದ ಸಮರದ ಹೆಸರಿನಲ್ಲಿ ಸತ್ತವರು ಪೊಲೀಸರ ಲೆಕ್ಕದಲ್ಲೇ ಆರು ಸಾವಿರ ದಾಟುತ್ತಾರೆ. 2017ರ ಆಗಸ್ಟಿನಲ್ಲಿ ರಾಜಧಾನಿ ಮನಿಲಾ ಪಕ್ಕದ ಕಾಲೂಕಾನ್ ನಗರದ ಗಲ್ಲಿಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನನ್ನು ಪೊಲೀಸರು ಎಳೆದೊಯ್ದು ಗುಂಡಿಕ್ಕಿದರು. ನಾಳೆ ಪರೀಕ್ಷೆ ಇದೆ, ಬಿಡಿ ಎಂದು ಅವನು ಬೇಡಿಕೊಂಡದ್ದನ್ನು ಕೇಳಿಸಿಕೊಂಡವರಿದ್ದರು.

ಕಾಲೂಕಾನ್‌ನವರಿಗೆ ದಾವಾವೊದಲ್ಲಿ ಮತವಿಲ್ಲ.